ಮದರಾಸಿನ ಎರಡು ‘ನಾವು’

ಪರದೇಶದ ಪ್ರವಾಸ ಎಂದ ಕೂಡಲೇ ಓದುವವರಿಗೆ ಹಡಗು, ವಿಮಾನ, ಹಿಮ ಬೀಳುವ ಊರು ನೆನಪಾಗಬಹುದು. ನಾನು ಅಂಥ ಕಡೆಗೆಲ್ಲ ಹೋದವನಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿ, ಚಿತ್ರದುರ್ಗದಲ್ಲಿ ಗುಮಾಸ್ತಿಕೆ ಮಾಡಿ ಮುಗಿಸಿದವನು. ನನ್ನ ಪಾಲಿಗೆ ಪರದೇಶ ಎಂದರೆ ಮದರಾಸು. ನಗಬೇಡಿ. ಮಾತು ಬೇರೆ, ಅಕ್ಷರ ಬೇರೆ, ಹೊತ್ತು ಹುಟ್ಟುವ ದಿಕ್ಕಿಗೆ ಬೆಟ್ಟದ ಬದಲು ನೀರು. ಅಲ್ಲಿ ಬೆವರು ಕೂಡ ಬೇರೆ ಥರ. ನಮ್ಮಲ್ಲಿ ಕೆಲಸ ಮಾಡಿದರೆ ಬೆವರುತ್ತೇವೆ, ಅಲ್ಲಿ ಸುಮ್ಮನೆ ಕೂತರೂ ಬೆವರುತ್ತೇವೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಪ್ರವಾಸದಲ್ಲಿ ನಾನು ತಮಿಳಿನಲ್ಲಿ ಒಂದು ತಪ್ಪು ಮಾತಾಡಿದೆ, ಆಮೇಲೆ ಒಂದು ಸರಿಯಾದ ಮಾತಾಡಿದೆ. ತಪ್ಪು ಮಾತಿನಿಂದ ಯಾರಿಗೂ ಏನೂ ಆಗಲಿಲ್ಲ. ಸರಿಯಾದ ಮಾತಿನ ವಿಷಯ ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಸೆಂಟ್ರಲ್ ಸ್ಟೇಷನ್

ರೈಲು ತಡವಾಗಿ ಮಧ್ಯಾಹ್ನಕ್ಕೆ ತಲುಪಿತು. ಕೈಯಲ್ಲಿ ಒಂದು ಟ್ರಂಕು, ಸುತ್ತಿದ ಹಾಸಿಗೆ. ಕರೆದೊಯ್ಯಲು ಚಿಕ್ಕಪ್ಪ ಬಂದಿದ್ದರು. ಅವರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರು, ಮದುವೆಗೆ ಮುಂಚೆಯೇ ಮದರಾಸು ಸೇರಿದವರು. ನನಗೂ ಅಲ್ಲೇ ಎಲ್ಲಾದರೂ ಕೆಲಸ ಕೊಡಿಸುವುದಾಗಿ ನಮ್ಮ ತಂದೆಗೆ ಮಾತು ಕೊಟ್ಟಿದ್ದರು.

ಮನೆಗೆ ಹೋಗುವ ಮುನ್ನ ಸ್ಟೇಷನ್ನಿನ ಎದುರಿನ ಹೋಟೆಲಿಗೆ ನುಗ್ಗಿದರು. ಚಿಕ್ಕಮ್ಮನಿಗೆ ಹೇಳಬೇಡ ಎಂಬ ಒಂದೇ ಷರತ್ತು. ಎಲೆ ಹಾಕಿದರು, ಅನ್ನ ಬಂತು, ಹುರುಳೀಕಾಯಿ ಬಂತು. ನನಗೆ ಅದು ಹಿಡಿಸಿತು. ಬಡಿಸುವವನನ್ನು ಕರೆದು, ಇನ್ನೊಂಚೂರು ಪಲ್ಯ ಎಂದೆ. ಅವನ ಮುಖ ಕೆಂಪಾಯಿತು. ‘ಪಳಸಾ? ಇಂಗ ಎಲ್ಲಾಂ ಪುದುಸು’, ಇಲ್ಲಿರುವುದೆಲ್ಲ ಹೊಸದು ಎಂದು ಮಾಲೀಕ ಕೂತಿದ್ದ ಕಡೆ ತಿರುಗಿ ದೂರು ಹೇಳತೊಡಗಿದ. ಚಿಕ್ಕಪ್ಪನಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು.

“ಪಲ್ಯ ಅನ್ಬೇಡವೋ ಶೀನಾ. ಇವರಿಗೆ ಅದು ಪಳೆಯದು, ಹಳಸಿದ್ದು ಅಂತ ಕೇಳ್ಸುತ್ತೆ. ಪೊರಿಯಲ್ ಅನ್ನು.”

ಹೀಗೆ ಎಲೆಯ ಮುಂದೆಯೇ ಮೊದಲ ಪಾಠವಾಯಿತು. ಪೂರ್ತಿ ಗೊತ್ತಿಲ್ಲದ ಮಾತಿನಿಂದ ಅಪಾಯವಿಲ್ಲ, ಅಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇವೆ. ನಮ್ಮದರ ಹಾಗೇ ಕಾಣುವ ಮಾತು ಬಂದಾಗ ಹುಷಾರಾಗಿರಬೇಕು. ಪಾಠ ಕಲಿತೆ ಎಂದುಕೊಂಡೆ.

ತಿರುವಲ್ಲಿಕೇಣಿ

ಚಿಕ್ಕಪ್ಪನ ಮನೆ ರೈಲು ಡಬ್ಬಿಯಂತೆ ಉದ್ದಕ್ಕಿತ್ತು. ಬೀದಿಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಜಗಲಿ, ಅದರಾಚೆ ನಡುಮನೆ, ಅದರಾಚೆ ಊಟದ ಜಾಗ, ಕೊನೆಗೆ ಅಡುಗೆಮನೆ. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಬೀದಿಯಲ್ಲಿ ನಿಂತವನಿಗೆ ಹಿತ್ತಲ ಬಾವಿಯ ರಾಟೆ ಕಾಣುತ್ತಿತ್ತು. ಕಾಣುತ್ತಿತ್ತು, ಅಷ್ಟೆ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಬೇರೆ ಮಾತು. ಬಂಧುಗಳು ಊಟದ ಜಾಗದವರೆಗೆ, ಚಿಕ್ಕಪ್ಪನ ಕಚೇರಿಯವರು ನಡುಮನೆಗೆ, ಹಾಲಿನವನು ಜಗಲಿಗೆ, ಉಳಿದವರು ಮೆಟ್ಟಿಲ ಕೆಳಗೆ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಬಂದವರ ಕಾಲಿಗೇ ಅದು ಗೊತ್ತಿರುತ್ತಿತ್ತು.

ಕಾಫಿಯ ರುಚಿ ಈಗಲೂ ನಾಲಿಗೆಯ ಮೇಲಿದೆ. ಲೋಟ ತುಟಿಗೆ ತಾಗಿಸದೆ ಮೇಲಿಂದ ಸುರಿದುಕೊಳ್ಳಬೇಕು. ಮೊದಲ ದಿನ ಅಂಗಿಯೆಲ್ಲ ಕಾಫಿ. ‘ಕನ್ನಡ ದೇಶದ್ದು ಕೂಸು’ ಎಂದು ಚಿಕ್ಕಮ್ಮ ನಕ್ಕರು. ಅವರ ತವರೂ ಕನ್ನಡ ದೇಶವೇ. ಆದರೆ ಮಾತು ಅರ್ಧ ಆ ಕಡೆಗೆ ವಾಲಿತ್ತು, ಬೇಗ ಬಾ ಎನ್ನಲು ‘ಸೀಕ್ರಂ ಬಾ’ ಎನ್ನುತ್ತಿದ್ದರು.

ಅವರ ಮಗಳು ವತ್ಸಲಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಎಂ.ಎ. ಓದುತ್ತಿದ್ದಳು, ಸಮಾಜಶಾಸ್ತ್ರ. ನನಗೆ ಶಾಲೆಯಲ್ಲಿ ಸಮಾಜ ಪಾಠ ಎಂದರೆ ರಾಜರ ಹೆಸರು ಮತ್ತು ನದಿಗಳ ಹೆಸರು. ಇವಳ ಸಮಾಜಶಾಸ್ತ್ರದಲ್ಲಿ ರಾಜರೂ ಇರಲಿಲ್ಲ, ನದಿಗಳೂ ಇರಲಿಲ್ಲ. ಊಟಕ್ಕೆ ಕೂತಾಗ ಯಾರಿಗೆ ಮೊದಲು ಬಡಿಸಿದರು, ಯಾರ ಲೋಟ ಯಾವ ಗೂಡಿನಲ್ಲಿದೆ, ಹೂವಿನವಳು ಬಂದಾಗ ಅಮ್ಮ ಹೂವನ್ನು ಕೈಗೆ ತೆಗೆದುಕೊಂಡಳೋ ನೆಲದ ಮೇಲೆ ಇಡಿಸಿಕೊಂಡಳೋ, ಇದನ್ನೇ ನೋಡುತ್ತಿದ್ದಳು. ಮನೆಯವರನ್ನೇ ಹೀಗೆ ನೋಡುವುದು ಚಿಕ್ಕಮ್ಮನಿಗೆ ಸಿಟ್ಟು ತರಿಸುತ್ತಿತ್ತು. ಅವರಿವರ ಅಡುಗೆಮನೆ ಇಣುಕುವುದಕ್ಕೆ ಒಂದು ಪರೀಕ್ಷೆ ಬೇರೆಯೇ ಎನ್ನುತ್ತಿದ್ದರು.

ಇದರಲ್ಲಿ ಓದುವುದೇನಿದೆ ಎಂದು ನಾನೂ ಕೇಳಿದೆ. “ನಮಗೆ ಗೊತ್ತಿರೋದನ್ನೇ ಗೊತ್ತಿಲ್ಲದ ಹಾಗೆ ನೋಡ್ಬೇಕು ಡಾ. ಕಷ್ಟ ಇರೋದೇ ಅಲ್ಲಿ” ಎಂದಳು. ನನಗೆ ಆಗ ಅದು ಅರ್ಥವಾಗಲಿಲ್ಲ, ತಲೆ ಆಡಿಸಿದೆ.

ಕಾಸಿಮೇಡು

ಪರೀಕ್ಷೆಗೆಂದು ಅವಳು ಒಂದು ಪ್ರಬಂಧ ಬರೆಯಬೇಕಿತ್ತು. ತಮಗಿಂತ ಬೇರೆಯಾಗಿ ಬದುಕುವವರ ನಡುವೆ ಕೆಲವು ವಾರ ಓಡಾಡಿ ಅವರ ದಿನಚರಿ ಬರೆಯಬೇಕೆಂದು ಅವಳ ಮೇಷ್ಟ್ರು ಹೇಳಿದ್ದರಂತೆ. ಅವಳು ಕಾಸಿಮೇಡಿನ ಮೀನುಗಾರರನ್ನು ಆರಿಸಿಕೊಂಡಳು. ಚಿಕ್ಕಮ್ಮ ಎರಡು ಹೊತ್ತು ಊಟ ಬಿಟ್ಟರು. ಕೊನೆಗೆ, ಶೀನ ಜೊತೆಗೆ ಹೋಗಲಿ, ಬಂದ ಕೂಡಲೇ ಇಬ್ಬರೂ ತಲೆಗೆ ನೀರು ಹಾಕಿಕೊಳ್ಳಲಿ ಎಂದು ಚಿಕ್ಕಪ್ಪ ರಾಜಿ ಮಾಡಿಸಿದರು.

ಹೀಗೆ ನಾನು ಕಾವಲುಗಾರನಾದೆ. ನಸುಕಿನಲ್ಲೇ ಎರಡು ಬಸ್ಸು ಹತ್ತಿ ಹೋಗುತ್ತಿದ್ದೆವು. ಮೀನಿನ ವಾಸನೆಗೆಂದು ಕರವಸ್ತ್ರದಲ್ಲಿ ಕರ್ಪೂರ ಕಟ್ಟಿಕೊಂಡಿದ್ದೆ. ದಿಮ್ಮಿ ಜೋಡಿಸಿ ಕಟ್ಟಿದ ತೆಪ್ಪಗಳು, ಅವರ ಕಟ್ಟುಮರಗಳು, ಮರಳಿನ ಮೇಲೆ ಬಂದು ಬೀಳುತ್ತಿದ್ದವು, ಬಲೆ ಬಿಚ್ಚುತ್ತಿದ್ದರು, ಹೆಂಗಸರು ಸುತ್ತುಗಟ್ಟಿ ನಿಂತು ಹರಾಜು ಕೂಗುತ್ತಿದ್ದರು. ಗಂಡಸರು ಬೆಲೆ ಕೂಗದೆ ದೂರದಲ್ಲಿ ಬೀಡಿ ಸೇದುತ್ತ ಕೂತಿರುವುದನ್ನು ನಾನು ಕಂಡದ್ದು ಅದೇ ಮೊದಲು. ನಮ್ಮ ಸಂತೆಯಲ್ಲಿ ಇದು ತಲೆಕೆಳಗು.

ಕೂಗುವವರಲ್ಲಿ ದೊಡ್ಡ ಗಂಟಲು ಅಂಜಲೈಯದು. ಚಿಕ್ಕಮ್ಮನ ವಯಸ್ಸು, ಎರಡೂ ಮೂಗಿಗೆ ಮೂಗುತಿ, ಸೊಂಟಕ್ಕೆ ಬಿಗಿದ ಸೆರಗು. ವತ್ಸಲಕ್ಕನನ್ನು ಮಗು ಎನ್ನುವ ಹಾಗೆ ‘ಪಾಪ್ಪಾ’ ಎಂದು ಕರೆದಳು, ನನ್ನನ್ನು ತಮ್ಮ ಎನ್ನುವ ಹಾಗೆ ‘ತಂಬಿ’ ಎಂದಳು. ನಮ್ಮನ್ನು ನೋಡಿ ನೋಡಿ ಓದಿದರೆ ಸರ್ಕಾರ ಕೆಲಸ ಕೊಡುತ್ತದೆಯೇ, ಹಾಗಿದ್ದರೆ ನಿನ್ನನ್ನು ನೋಡಿ ನಾನೂ ಪಾಸಾಗಬಹುದಲ್ಲ ಎಂದು ವತ್ಸಲಕ್ಕನನ್ನು ಗೋಳು ಹೊಯ್ದುಕೊಂಡಳು. ಅವಳ ಮಾತು ಅರ್ಧಕ್ಕರ್ಧ ನನಗೆ ತಿಳಿಯುತ್ತಿರಲಿಲ್ಲ. ನಗು ಮಾತ್ರ ತಿಳಿಯುತ್ತಿತ್ತು.

ಮೊದಲ ದಿನವೇ ತನ್ನ ಗುಡಿಸಲ ಮುಂದೆ ಚಾಪೆ ಹಾಸಿ ಕೂರಿಸಿದಳು. ಬಿಸಿಲಿಗೆ ಬಾಯಿ ಒಣಗಿತ್ತು. ಒಳಗೆ ನೀರಿನ ಮಡಕೆ ಕಾಣುತ್ತಿತ್ತು. ಅವಳು ಮಡಕೆಯ ಕಡೆಗೆ ಹೋಗಲಿಲ್ಲ, ಬೀದಿಯಂಗಡಿಯಿಂದ ಎರಡು ಗೋಲಿ ಸೋಡಾ ತರಿಸಿ, ಬಾಟಲಿಯನ್ನು ನಾವೇ ಒಡೆದುಕೊಳ್ಳಲಿ ಎಂದು ಚಾಪೆಯ ಮೇಲಿಟ್ಟಳು. ನಾವು ಕೇಳಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ನನಗೆ ಜೀವ ಬಂದ ಹಾಗಾಯಿತು. ನೀರು ಕೊಟ್ಟಿದ್ದರೆ ಏನು ಮಾಡುವುದು ಎಂದು ಆಗಲೇ ಯೋಚಿಸುತ್ತಿದ್ದೆ. ವತ್ಸಲಕ್ಕ ಮಾತ್ರ ಬಾಟಲಿಯನ್ನೇ ನೋಡುತ್ತ ಬಹಳ ಹೊತ್ತು ಕೂತಳು.

ಹೋಗುತ್ತ ಹೋಗುತ್ತ ನನ್ನ ತಮಿಳಿಗೂ ಧೈರ್ಯ ಬಂತು. ಒಂದು ದಿನ ಅಂಜಲೈ, ನಿಮ್ಮ ಮನೆ ಎಲ್ಲಿ ತಂಬಿ ಎಂದು ಕೇಳಿದಳು. ಇಷ್ಟು ಮಾತು ನನಗೆ ಬರುತ್ತಿತ್ತು. ಎದೆಯುಬ್ಬಿಸಿ ಹೇಳಿದೆ.

“ನಮ್ಮ ವೀಡು ತಿರುವಲ್ಲಿಕೇಣಿ. ವಾಂಗ.”

ನಮ್ಮ ಮನೆ ತಿರುವಲ್ಲಿಕೇಣಿ, ಬನ್ನಿ ಎಂದು ನನ್ನ ಲೆಕ್ಕ. ಅಂಜಲೈ ನನ್ನನ್ನೇ ನೋಡಿದಳು. ಆಮೇಲೆ ಪಕ್ಕದವಳ ಭುಜ ತಟ್ಟಿ, “ನಮ್ಮ ವೀಡಾಂ ಡೀ” ಎಂದಳು. ಆ ಸಾಲಿನ ಹೆಂಗಸರೆಲ್ಲ ನಕ್ಕರು. ಹಾಗಾದರೆ ಮುಂದಿನ ಹಬ್ಬ ತಿರುವಲ್ಲಿಕೇಣಿಯ ನಮ್ಮ ಮನೆಯಲ್ಲೇ ಎಂದು ಒಬ್ಬಳು, ಮನೆ ಗುಡಿಸಿದ್ದೀರಾ ಎಂದು ಇನ್ನೊಬ್ಬಳು. ನಾನೂ ನಕ್ಕೆ. ಯಾಕೆಂದು ಗೊತ್ತಿರಲಿಲ್ಲ.

ಹಿಂತಿರುಗುವ ಬಸ್ಸು

ಬಸ್ಸಿನಲ್ಲಿ ವತ್ಸಲಕ್ಕ ಬಿಡಿಸಿ ಹೇಳಿದಳು. ತಮಿಳಿನಲ್ಲಿ ‘ನಾವು’ ಎರಡಿವೆಯಂತೆ. ಎದುರಿಗಿರುವವರನ್ನೂ ಸೇರಿಸಿಕೊಂಡು ನಾವು ಎನ್ನುವುದು ಒಂದು, ಅವರನ್ನು ಬಿಟ್ಟು ನಾವು ಎನ್ನುವುದು ಇನ್ನೊಂದು. ಸೇರಿಸಿಕೊಂಡರೆ ‘ನಮ್ಮ ವೀಡು’, ಬಿಟ್ಟರೆ ‘ಎಂಗ ವೀಡು’. ನೀನು ನಿನ್ನ ಕನ್ನಡದ ‘ನಮ್ಮ’ವನ್ನು ಹಾಗೇ ಎತ್ತಿ ಹಾಕಿದೆ, ಅಂಜಲೈಗೆ ಅದು ನಿನ್ನದೂ ನನ್ನದೂ ಆದ ಮನೆ ಎಂದು ಕೇಳಿಸಿತು ಎಂದಳು.

ನಾಳೆಯೇ ತಿದ್ದಿಕೊಳ್ಳುತ್ತೇನೆ ಎಂದೆ.

“ತಿದ್ದಬೇಡ ಡಾ. ಈ ತಪ್ಪು ಚೆನ್ನಾಗಿದೆ, ಇರಲಿ” ಎಂದಳು. “ಕನ್ನಡದಲ್ಲಿ ಇರೋದು ಒಂದೇ ನಾವು. ಹಾಗಾದ್ರೆ ಯಾರು ಒಳಗೆ, ಯಾರು ಹೊರಗೆ ಅಂತ ನಮ್ಮಲ್ಲಿ ಹೇಗೆ ಗೊತ್ತಾಗುತ್ತೆ, ಹೇಳು?”

“ಜಗಲೀಲಿ” ಎಂದೆ.

ನಾನು ತಮಾಷೆಗೆ ಹೇಳಿದ್ದು. ಅವಳು ನಗಲಿಲ್ಲ. ನನ್ನ ಕಡೆ ಪೂರ್ತಿ ತಿರುಗಿ, ಇದನ್ನು ನಮ್ಮ ಮೇಷ್ಟ್ರಿಗೆ ಹೇಳುತ್ತೇನೆ ಎಂದಳು. ಬಸ್ಸು ಇಳಿಯುವವರೆಗೂ ನನಗೆ ನಾನೇ ಮೇಷ್ಟ್ರು ಎನಿಸಿತ್ತು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ.

ಮತ್ತೆ ತಿರುವಲ್ಲಿಕೇಣಿ

ಮಳೆ ಹಿಡಿದ ಮೇಲೆ ವತ್ಸಲಕ್ಕನಿಗೆ ಜ್ವರ ಬಂತು. ಎರಡು ವಾರ ಕಾಸಿಮೇಡಿಗೆ ಹೋಗಲಿಲ್ಲ. ಅವಳಿಗೆ ಅದೇ ಚಿಂತೆ. ಈಗಷ್ಟೇ ಅವರು ನಮ್ಮ ಮುಂದೆ ಜಗಳ ಆಡುವಷ್ಟು ಹತ್ತಿರವಾಗಿದ್ದಾರೆ, ಹೀಗೆ ನಡುವೆ ಬಿಟ್ಟರೆ ಕೆಲಸ ಮುಗಿದು ಹೋದರು ಎಂದುಕೊಳ್ಳುವುದಿಲ್ಲವೇ ಎಂದು ನರಳುತ್ತಿದ್ದಳು. ಅದೇ ವಾರ ಚಿಕ್ಕಪ್ಪ ಯಾರಿಗೋ ನನ್ನ ಕೆಲಸದ ಮಾತು ಹೇಳಿದ್ದರು. ಉತ್ತರ ಬರುವುದಿತ್ತು. ಅಲ್ಲಿಯವರೆಗೆ ಚಿಕ್ಕಮ್ಮನ ಕಣ್ಣಿಗೆ ಒಳ್ಳೆಯ ಹುಡುಗನಾಗಿರಬೇಕೆಂಬುದೇ ನನಗಿದ್ದ ಒಂದೇ ಯೋಚನೆ.

ಒಂದು ಬೆಳಿಗ್ಗೆ ಚಿಕ್ಕಪ್ಪ ಕಚೇರಿಗೆ ಹೋಗಿದ್ದರು. ಚಿಕ್ಕಮ್ಮ ಮಡಿಯಲ್ಲಿದ್ದರು. ವತ್ಸಲಕ್ಕ ನಡುಮನೆಯಲ್ಲಿ ಮಲಗಿದ್ದಳು. ಬೀದಿಯಿಂದ ಪರಿಚಯದ ಗಂಟಲು ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ ಅಂಜಲೈ.

ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಮಡಿಕೆ ಬಿಡದ ಸೀರೆಯುಟ್ಟು ಬಂದಿದ್ದಳು. ಕೈಯಲ್ಲಿ ಬಿದಿರ ಬುಟ್ಟಿ. ಅವಳು ಜಗಲಿ ಹತ್ತಿರಲಿಲ್ಲ, ಮೆಟ್ಟಿಲ ಮೇಲೂ ಕಾಲಿಟ್ಟಿರಲಿಲ್ಲ. ಬೀದಿಯಲ್ಲೇ ನಿಂತಿದ್ದಳು. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಒಳಗೆ ಬರುತ್ತೇನೆಂದು ಅವಳು ಕೇಳಲೇ ಇಲ್ಲ. ಪಾಪ್ಪಾ ಬರಲಿಲ್ಲವಲ್ಲ, ಮೈ ಸರಿಯಿಲ್ಲವೇ, ಇಲ್ಲಿಂದಲೇ ಒಂದು ಸಲ ನೋಡಿ ಹೋಗುತ್ತೇನೆ ಎಂದಳು, ಅಷ್ಟೆ. ಬೀದಿಯ ಹೆಸರು ಗೊತ್ತಿರಲಿಲ್ಲವಂತೆ. ಕನ್ನಡದವರ ಮನೆ, ರೈಲ್ವೆಯವರ ಮನೆ ಎಂದು ಕೇಳುತ್ತ ಕೇಳುತ್ತ ಬಂದಿದ್ದಳು.

ಎದುರು ಜಗಲಿಗಳಲ್ಲಿ ಕೂತವರು ಮಾತು ನಿಲ್ಲಿಸಿದ್ದರು. ಚಿಕ್ಕಮ್ಮ ಒಳಗಿನಿಂದಲೇ ಯಾರೋ ಅದು ಎಂದರು. ಅಂಜಲೈ ನಗುತ್ತ, ತಮಾಷೆಗೆ, ನನ್ನನ್ನು ತೋರಿಸಿ, “ತಂಬಿದಾನ್ ನಮ್ಮ ವೀಡುನ್ನು ಸೊಲ್ಲಿಚ್ಚು, ಅದಾನ್ ವಂದೇನ್ ಅಮ್ಮಾ” ಎಂದಳು. ಈ ತಮ್ಮನೇ ನಮ್ಮ ಮನೆ ಎಂದ, ಅದಕ್ಕೇ ಬಂದೆ.

ಚಿಕ್ಕಮ್ಮ ನಡುಮನೆಯ ಬಾಗಿಲವರೆಗೆ ಬಂದರು. ಅವರು ಕೂಗಾಡಲಿಲ್ಲ.

“ಏನೋ ಶೀನಾ, ಹಂಗಂತ ಹೇಳಿದ್ಯಾ ನೀನು?”

ನನಗೆ ಅಷ್ಟೂ ಜಗಲಿಗಳು ಕಂಡವು, ಬರಬೇಕಾಗಿದ್ದ ಉತ್ತರ ಕಂಡಿತು, ನಮ್ಮ ಊರಿಗೆ ವಾಪಸು ಹೋಗುವ ರೈಲು ಕಂಡಿತು. ಅಂಜಲೈಯ ಕಡೆ ತಿರುಗಿ ಹೇಳಿದೆ.

“ನಮ್ಮ ವೀಡು ಇಲ್ಲ. ಎಂಗ ವೀಡು. ತಪ್ಪಾ ಸೊಲ್ಲಿಟ್ಟೇನ್.”

ಅಂದು ತಪ್ಪಾಗಿ ಹೇಳಿಬಿಟ್ಟೆ ಎಂದು. ಮದರಾಸಿನಲ್ಲಿ ನಾನು ಆಡಿದ ಮೊದಲ ತಪ್ಪಿಲ್ಲದ ತಮಿಳು ಅದು. ಬಸ್ಸಿನಲ್ಲಿ ಕಲಿತ ಪಾಠವನ್ನು ಹೀಗೆ ಉಪಯೋಗಿಸಿದೆ.

ಅಂಜಲೈಯ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. “ಸರಿ ತಂಬಿ. ಉಂಗ ವೀಡುದಾನ್” ಎಂದಳು. ನಿಮ್ಮ ಮನೆಯೇ. ಬುಟ್ಟಿಯನ್ನು ಜಗಲಿಯ ಅಂಚಿಗೆ, ಕಲ್ಲಿಗೆ ಸದ್ದಾಗದ ಹಾಗೆ ಇಟ್ಟು ಹೋದಳು.

ವತ್ಸಲಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬರುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಬುಟ್ಟಿಯ ಪಕ್ಕ ಕೂತಳು. ಒಳಗೆ ಒಂದು ತೆಂಗಿನಕಾಯಿ, ಬಾಳೆಹಣ್ಣು, ನಾಲ್ಕಾರು ಮೋಸಂಬಿ.

“ನೋಡೋ, ಎಲ್ಲಾ ಸಿಪ್ಪೆ ಇರೋವು. ಅವಳ ಕೈ ತಾಗಿದ್ರೂ ನಾವು ತಿನ್ಲಿ ಅಂತ.”

ಒಂದು ಮೋಸಂಬಿ ಸುಲಿದು, ಅಮ್ಮನ ಎದುರಿಗೇ, ಬೀದಿಗೆ ಕಾಣುವ ಹಾಗೆ ತಿಂದಳು. ಜ್ವರದ ಬಾಯಿಗೆ ಅದು ಕಹಿಯಾಗಿದ್ದಿರಬೇಕು. ಕೊನೆಯ ತೊಳೆಯವರೆಗೂ ತಿಂದಳು. ಚಿಕ್ಕಮ್ಮ ಬುಟ್ಟಿಯನ್ನು ಮುಟ್ಟಲಿಲ್ಲ, ಎಸೆಯಿರಿ ಎಂದೂ ಹೇಳಲಿಲ್ಲ. ಒಳಗೆ ಹೋದರು. ಉಳಿದ ಹಣ್ಣನ್ನು ಸಂಜೆ ಬೀದಿಯ ಹಸು ತಿಂದಿತು.

ನಾನು ವತ್ಸಲಕ್ಕನ ಹತ್ತಿರ ಹೋಗಿ, ಚಿಕ್ಕಮ್ಮ ಬೈಯುತ್ತಾರೆಂದು ಹಾಗಂದೆ ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

“ಇದು ನಿನ್ನ ಮನೆಯೂ ಅಲ್ವಲ್ಲೋ ಶೀನಾ” ಎಂದಳು.

ಅದಾದ ಮೇಲೆ ಅವಳು ಕಾಸಿಮೇಡಿಗೆ ಹೋಗಲಿಲ್ಲ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಬಸ್‌ ಸ್ಟಾಪಿನವರೆಗೆ ಹೋಗಿ ತಿರುಗಿ ಬಂದಳು. ಅವರನ್ನು ನೋಡಿ ಬರೆಯಲು ತನಗೆ ಮುಖವಿಲ್ಲ ಎಂದಳಂತೆ. ಅದುವರೆಗಿನ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ನಮ್ಮ ಬೀದಿಯ ಜಗಲಿಗಳ ಮೇಲೆ ಯಾರು ಕೂರುತ್ತಾರೆ, ಯಾರು ನಿಲ್ಲುತ್ತಾರೆ ಎಂಬುದನ್ನೇ ಬರೆದಳು. ಚೆನ್ನಾಗಿತ್ತೆಂದು ಮೇಷ್ಟ್ರು ಹೊಗಳಿದರಂತೆ. ನನಗೆ ಓದಲು ಕೊಡಲಿಲ್ಲ, ನಾನೂ ಕೇಳಲಿಲ್ಲ. ಕೆಲಸದ ಉತ್ತರ ಬರಲೇ ಇಲ್ಲ. ಟ್ರಂಕು ಎತ್ತಿಕೊಂಡು ಊರಿಗೆ ಬಂದೆ. ಸ್ಟೇಷನ್ನಿಗೆ ಬಂದ ಚಿಕ್ಕಪ್ಪ ಅದೇ ಹೋಟೆಲಿಗೆ ಕರೆದೊಯ್ದರು. ಪೊರಿಯಲ್ ಎಂದು ಸರಿಯಾಗಿಯೇ ಕೇಳಿದೆ. ಬಡಿಸಿದ್ದನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಇನ್ನೊಮ್ಮೆ ಕಾಸಿಮೇಡು

ಮತ್ತೆ ಮದರಾಸಿಗೆ ಹೋದದ್ದು ಅರವತ್ತರ ದಶಕದ ಕೊನೆಯಲ್ಲಿ, ಚಿಕ್ಕಪ್ಪನ ಷಷ್ಟ್ಯಬ್ದಿಗೆ. ಅಷ್ಟರಲ್ಲಿ ನನಗೆ ನಮ್ಮೂರಲ್ಲೇ ಗುಮಾಸ್ತಿಕೆ ಸಿಕ್ಕಿತ್ತು, ಮದುವೆಯಾಗಿತ್ತು. ವತ್ಸಲಕ್ಕ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಶಾಂತಿ ಹೋಮ ಮುಗಿದ ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಎರಡು ಬಸ್ಸು ಹತ್ತಿದೆ. ಕರ್ಪೂರ ಒಯ್ಯಲಿಲ್ಲ.

ಕಟ್ಟುಮರಗಳ ನಡುವೆ ಎಂಜಿನ್ ದೋಣಿಗಳು ಬಂದಿದ್ದವು. ಹರಾಜಿನ ಕೂಗು ಹಾಗೇ ಇತ್ತು. ಆ ಗಂಟಲನ್ನು ದೂರದಿಂದಲೇ ಗುರುತಿಸಿದೆ. ಅಂಜಲೈಯ ತಲೆ ಪೂರ್ತಿ ಬೆಳ್ಳಗಾಗಿತ್ತು. ನಿಂತು ಕೂಗುತ್ತಿದ್ದವಳು ಈಗ ತಲೆಕೆಳಗು ಮಾಡಿದ ಬುಟ್ಟಿಯ ಮೇಲೆ ಕೂತು ಕೂಗುತ್ತಿದ್ದಳು. ಹರಾಜು ಮುಗಿಯುವವರೆಗೆ ಕಾದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಅವಳು ತಲೆಯೆತ್ತಿ, ಪ್ಯಾಂಟು ತೊಟ್ಟವನು ಮೀನು ಕೊಳ್ಳದೆ ಯಾಕೆ ನಿಂತಿದ್ದಾನೆ ಎಂದು ನೋಡಿದಳು. ಯಾವ ಊರು ಎಂದು ಕೇಳಿದಳು.

ಗಾಬರಿಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಬಿದ್ದುಹೋಯಿತು. ಹಳೆಯ ನಾಲಿಗೆಯೇ ಹೊರಳಿತು. “ನಮ್ಮ ಊರು ಚಿತ್ರದುರ್ಗ” ಎಂದೆ.

ಚಿಲ್ಲರೆ ಎಣಿಸುತ್ತಿದ್ದ ಅವಳ ಕೈ ನಿಂತಿತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಮಕ್ಕಳಿಗೆ ಮಗ್ಗಿ ತಿದ್ದುವವರ ದನಿಯಲ್ಲಿ, ಮೆಲ್ಲಗೆ ತಿದ್ದಿದಳು.

“ಎಂಗ ಊರುನ್ನು ಸೊಲ್ಲು, ತಂಬಿ.”

ನಾನು ಹಾಗೇ ಹೇಳಿದೆ. ಅವಳು ಸರಿ ಎಂದು ತಲೆಯಾಡಿಸಿದಳು. ಪಾಪ್ಪಾ ಹೇಗಿದ್ದಾಳೆ, ಮಕ್ಕಳೆಷ್ಟು ಎಂದು ವಿಚಾರಿಸಿದಳು. ಉಂಗ ವೀಟ್ಟುಲ ಎಲ್ಲಾರುಂ ಸೌಖ್ಯಮಾ ಎಂದಳು. ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ. ಸೌಖ್ಯ ಎಂದೆ. ಕ್ಷಮಿಸು ಎನ್ನಲು ಅವಳ ಮಾತಿನಲ್ಲಿ ನನಗೆ ಎಲ್ಲೂ ಎಡೆ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾತಾಡಿದಳು.

ಬಿಸಿಲೇರಿತ್ತು. ಗುಡಿಸಲ ಮುಂದೆ ಚಾಪೆ ಹಾಸಿಸಿದಳು. ಒಳಗೆ ಅದೇ ಮೂಲೆಯಲ್ಲಿ ನೀರಿನ ಮಡಕೆ, ಮೇಲೆ ಮುಚ್ಚಿದ ತಟ್ಟೆ, ತಟ್ಟೆಯ ಮೇಲೆ ಲೋಟ. ಕುಡಿಯಲು ನೀರು ಕೊಡಿ ಎಂದರೆ ಸಾಕು, ಬೇರೇನೂ ಹೇಳಬೇಕಿಲ್ಲ ಎಂದು ನನಗೆ ಹೊಳೆಯಿತು. ತಣ್ಣಿ ಎಂಬ ಮಾತು ಗೊತ್ತಿತ್ತು. ಅದರಲ್ಲಿ ತಪ್ಪಾಗುವಂಥದ್ದು ಏನೂ ಇರಲಿಲ್ಲ. ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಅಂಗಡಿಯ ಕಡೆ ಕೈ ಮಾಡಿದ್ದಳು. ಗೋಲಿ ಸೋಡಾ ಬಂತು. ಬಾಟಲಿಯನ್ನು ನನ್ನ ಕೈಗೆ ಕೊಡದೆ ಚಾಪೆಯ ಮೇಲಿಟ್ಟಳು. ಹೆಬ್ಬೆರಳಿನಿಂದ ಗೋಲಿ ಒತ್ತಿ, ಕೊನೆಯವರೆಗೂ ಕುಡಿದೆ.